ಬೆರಳುದ್ದದ ನೂಲು

ಕಾಪು
12 ಆಗಸ್ಟ್ 2024

ಉಚ್ಚಿಲದ ಸರಸಮ್ಮನವರಿಗೆ ನಮಸ್ಕಾರಗಳು.

ನಾನು ಗುಣವತಿ. ಮೂರು ತಿಂಗಳ ಹಿಂದೆ ನಿಮ್ಮ ಅಳಿಯ ತಿಲಕ್ ಅವರನ್ನು ಮದುವೆಯಾದವಳು. ಮದುವೆಯ ದಿನ ನೀವು ನನ್ನ ಕೈಗೆ ಒಂದು ಚೆಂಡು ಮಲ್ಲಿಗೆ ಕೊಟ್ಟು, ಏನೂ ಹೇಳದೆ ಊಟಕ್ಕೆ ಹೋದಿರಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಇವರು ಹೇಳಿದರು. ಅದಕ್ಕೆ ಈ ಕಾಗದ.

ನಾನು ಕಾರ್ಕಳದ ಕಡೆಯವಳು. ಹದಿನಾಲ್ಕು ವರ್ಷದಿಂದ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಆಯುಷ್ಯ ಬರೆದಿಟ್ಟಿದ್ದಾರೆ. ದಿಂಬಿಗೆ ಎರಡು ವರ್ಷ, ಬಕೆಟಿಗೆ ಮೂರು, ನೆಲ ಒರೆಸುವ ಬಟ್ಟೆಗೆ ಎರಡು ತಿಂಗಳು. ದಿನ ಮುಗಿದ ಕೂಡಲೇ ರಿಜಿಸ್ಟರಿನಲ್ಲಿ ಬರೆದು ಹೊರಗೆ ಹಾಕುವುದು ನನ್ನ ಕೆಲಸ. ಆ ಕೈಯೇ ಇಲ್ಲಿ ತಪ್ಪು ಮಾಡಿತು.

ಜುಲೈಯ ಒಂದು ಶನಿವಾರ. ಕಾವ್ಯ ಶಾಲೆಗೆ ಹೋಗಿದ್ದಳು. ಇವರು ಬಲೆಯ ಕೆಲಸಕ್ಕೆಂದು ಮಲ್ಪೆಗೆ ಹೋಗಿದ್ದರು. ನಾನು ಹಿಡಿ ಬಿರಿದ ಸೌಟು, ಗಂಟು ಗಂಟಾದ ಎರಡು ದಿಂಬು, ಮೊಂಡಾದ ಕಾಯಿ ಹೆರೆಮಣೆ, ಗುಡಿಸಿ ಗುಡಿಸಿ ಅಂಗೈಯಷ್ಟು ಉಳಿದ ಹಿಡಿಸೂಡಿ ಎಲ್ಲವನ್ನೂ ಹಿತ್ತಲಿನ ಗುಂಡಿಗೆ ಹಾಕಿ ಹೊಸದು ತಂದಿಟ್ಟೆ. ಮಗಳು ಖುಷಿಪಡುತ್ತಾಳೆ ಎಂದು ನಿಜವಾಗಿಯೂ ಅಂದುಕೊಂಡಿದ್ದೆ.

ಅವಳು ಬಂದವಳು ಚೀಲವನ್ನೂ ಇಳಿಸಲಿಲ್ಲ. ಗುಂಡಿಗೆ ಇಳಿದು ಒಂದೊಂದನ್ನೇ ಹೆಕ್ಕಿ ತಂದಳು. ದಿಂಬನ್ನು ತೊಳೆದು ಮೂರು ದಿವಸ ಒಲೆಯ ಹತ್ತಿರ ಒಣಗಿಸಿದಳು. ಆಮೇಲೆ ಅಪ್ಪನಿಗೆ ಹೇಳಿದಳು, ‘ಎಂಟನೇ ಕ್ಲಾಸು ಮುಗಿದ ಮೇಲೆ ನಾನು ಉಚ್ಚಿಲಕ್ಕೆ ಹೋಗುತ್ತೇನೆ. ಒಂಬತ್ತನೆಯದ್ದು ಅಜ್ಜಿ ಮನೆಯಿಂದ.’ ಇವರು ‘ನೋಡುವ’ ಎಂದರು. ನನ್ನ ಹತ್ತಿರ ಅವಳು ‘ಹೂಂ’, ‘ಬೇಡ’ ಎರಡೇ ಮಾತು ಆಡುವುದು. ನನ್ನಿಂದಾಗಿ ಒಂದು ಮಗು ಮನೆ ಬಿಟ್ಟು ಹೋದರೆ ನಾನು ಈ ಮನೆಯಲ್ಲಿ ಹೇಗೆ ಇರಲಿ?

ಇನ್ನು ಕೇಳಬೇಕಾದ್ದು. ಅವಳು ಹೆಕ್ಕಿ ತಂದ ವಸ್ತುಗಳನ್ನು ನೋಡಿದೆ. ಪ್ರತಿಯೊಂದಕ್ಕೂ ಬೆರಳುದ್ದದ ಒಂದು ನೀಲಿ ನೈಲಾನ್ ನೂಲು ಕಟ್ಟಿ ಉಂಟು, ಅದರಲ್ಲಿ ಗಂಟುಗಳು. ಮತ್ತೆ ಇಡೀ ಮನೆ ಹುಡುಕಿದೆ. ಕುಕ್ಕರಿಗೆ, ಕೊಡೆಗೆ, ಸೊಳ್ಳೆಪರದೆಗೆ, ಗ್ಯಾಸಿನ ಪೈಪಿಗೂ ಉಂಟು. ಒಟ್ಟು ಮೂವತ್ತೊಂದು ವಸ್ತು, ಎಂಬತ್ತೆಂಟು ಗಂಟು. (ಎಣಿಸುವುದು ನನ್ನ ಚಾಳಿ, ಕ್ಷಮಿಸಿ.) ಪಕ್ಕದ ಮನೆಯ ವಿಲ್ಮಾಬಾಯಿ ‘ದೃಷ್ಟಿದಾರ ಮಾರಾಯ್ತಿ, ಮುಟ್ಟಬೇಡ’ ಎಂದರು. ಇವರನ್ನು ಕೇಳಿದರೆ ಎದ್ದು ಅಂಗಳಕ್ಕೆ ಹೋಗುತ್ತಾರೆ. ನಿಮ್ಮ ಮಗಳು ಪ್ರಣೀತಾ ಅವರು ಕಟ್ಟಿದ್ದು ಎಂದು ಮಾತ್ರ ಗೊತ್ತು. ಅವರು ತೀರಿಕೊಂಡು ಮೂರು ವರ್ಷ ಆಗುತ್ತಾ ಬಂತು, ಇನ್ನು ಕೇಳುವುದಾದರೆ ನಿಮ್ಮನ್ನೇ. ಅದು ಎಂತ?

ಇತಿ,
ಗುಣವತಿ


ಉಚ್ಚಿಲ
27 ಆಗಸ್ಟ್ 2024

ಗುಣವತಿಗೆ,

ನಿನ್ನ ಕಾಗದವನ್ನು ಪೋಸ್ಟಿನವನು ಬಲೆಯ ರಾಶಿಯ ಮೇಲೆ ಇಟ್ಟು ಹೋದ. ಬ್ಯಾಂಕಿನದ್ದು ಎಂದು ನಾನು ಎರಡು ದಿವಸ ತೆರೆಯಲಿಲ್ಲ. ‘ಸರಸಮ್ಮನವರಿಗೆ’ ಅಂತೆ! ನನ್ನನ್ನು ಹಾಗೆ ಕರೆಯುವುದು ಓಟು ಕೇಳಲಿಕ್ಕೆ ಬರುವವರು ಮಾತ್ರ. ದೊಡ್ಡಮ್ಮ ಎಂದು ಬರಿ, ಸಾಕು.

ಗಂಟಿನ ಕಥೆ ಕೇಳು. ನನ್ನ ಮಾವ ಒಬ್ಬರಿದ್ದರು, ಚೆನ್ನಪ್ಪ ಎಂದು ಹೆಸರು. ಬಲೆ ಎಂದರೆ ಪ್ರಾಣ, ಖರ್ಚು ಎಂದರೆ ಜ್ವರ. ಹರಿದ ಬಲೆಯನ್ನು ಜೋಡಿಸಿದ ಪ್ರತಿ ಸಲ ಅವರು ಬಲೆಯ ಮೂಲೆಯಲ್ಲಿ ಕಟ್ಟಿದ ಒಂದು ನೂಲಿಗೆ ಒಂದು ಗಂಟು ಹಾಕುತ್ತಿದ್ದರು. ಆರು ಗಂಟು ಆಯಿತೋ, ಆ ಬಲೆ ಮತ್ತೆ ನೀರಿಗೆ ಇಲ್ಲ. ಬಸಳೆ ಚಪ್ಪರಕ್ಕೆ ಕೋಳಿ ನುಗ್ಗದ ಹಾಗೆ ಬೇಲಿಯಾಗುತ್ತಿತ್ತು.

ನನ್ನ ಅತ್ತೆ ಮಾತು ಕಡಿಮೆ, ಕಣ್ಣು ಹೆಚ್ಚು. ಅವರು ಮಾವನ ಹರಿದ ಅಂಗಿಗೆ ಅಂಥದ್ದೇ ಒಂದು ನೂಲು ಕಟ್ಟಿದರು. ಹೊಲಿದ ಪ್ರತಿ ಸಲ ಒಂದು ಗಂಟು. ಆರನೆಯದ್ದು ಬಿದ್ದ ದಿವಸ ಆ ಅಂಗಿಯಲ್ಲಿ ನೆಲ ಒರೆಸಲಿಕ್ಕೆ ಶುರು ಮಾಡಿದರು. ಮಾವ ಬರಿಮೈಯಲ್ಲಿ ನಿಂತು ನೋಡಿದರು. ನಿಯಮ ಅವರದ್ದೇ, ಎಂತ ಹೇಳುವುದು? ಮರುದಿವಸ ಉಡುಪಿಗೆ ಹೋಗಿ ಎರಡು ಅಂಗಿ ತಂದರು.

ಹಾಗೆ ಅದು ಬಲೆಯಿಂದ ಅಡುಗೆಮನೆಗೆ ಬಂತು. ಸೌಟಿನ ಹಿಡಿ ಬಿಗಿ ಮಾಡಿದರೆ ಒಂದು ಗಂಟು, ಕೊಡೆಯ ಕಡ್ಡಿ ಕಟ್ಟಿದರೆ ಒಂದು. ಆರು ಆದರೆ ಹೊಸದು, ಅದಕ್ಕೆ ಹೊಸ ನೂಲು. ಪ್ರಣೀತಾ ನನ್ನಿಂದ ಕಲಿತು ಕಾಪುವಿಗೆ ತಂದಳು. ದೋಸೆ ಕಾವಲಿಗೂ ಮೀನಿನ ಮಣ್ಣಿನ ಪಾತ್ರೆಗೂ ಮಾತ್ರ ನೂಲು ಕಟ್ಟುವುದಿಲ್ಲ. ಅವು ಹಳತಾದಷ್ಟೂ ಒಳ್ಳೆಯದು. ಅವನ್ನು ಎಸೆಯಲಿಲ್ಲ ತಾನೇ?

ಕಾವ್ಯ ಇಲ್ಲಿಗೆ ಬರುವ ವಿಷಯ. ಅವಳಿಗೆ ಇಲ್ಲಿ ಕೋಣೆ ಉಂಟು, ಜೊತೆಗೆ ಅವಳ ಸೋದರಮಾವನ ಮಕ್ಕಳು ಇದ್ದಾರೆ. ನಾನು ಬಾ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳುವುದಿಲ್ಲ.

ಇತಿ,
ಸರಸ


ಕಾಪು
30 ಸೆಪ್ಟೆಂಬರ್ 2024

ದೊಡ್ಡಮ್ಮನಿಗೆ ನಮಸ್ಕಾರ.

ಕಾವಲಿ, ಮಣ್ಣಿನ ಪಾತ್ರೆ ಎರಡೂ ಸುರಕ್ಷಿತ. ನಿನ್ನೆ ಅದರಲ್ಲೇ ಬಂಗುಡೆ ಸಾರು ಮಾಡಿದೆ. ಕಾವ್ಯ ಎರಡು ಸಲ ಬಡಿಸಿಕೊಂಡಳು, ನನ್ನ ಮುಖ ನೋಡದೆ.

ನಿಮ್ಮ ಕಥೆ ಓದಿ ನಾನು ನನ್ನ ರಿಜಿಸ್ಟರ್ ಬುದ್ಧಿಯನ್ನು ಮಣಿಪಾಲದಲ್ಲೇ ಬಿಟ್ಟು ಬರುವುದೆಂದು ನಿಶ್ಚಯಿಸಿದೆ. ಈ ಮನೆಯ ಲೆಕ್ಕ ನೂಲಿನಲ್ಲೇ ಇರಲಿ. ಕುಕ್ಕರಿನ ಹಿಡಿ ಸಡಿಲಾಗಿತ್ತು, ಪೇಟೆಯಲ್ಲಿ ರಿಪೇರಿ ಅಂಗಡಿಯ ವಲೇರಿಯನ್ ಹತ್ತಿರ ಸರಿ ಮಾಡಿಸಿದೆ. ಬಂದು ನೂಲಿಗೆ ಒಂದು ಗಂಟು ಹಾಕಿದೆ. ಮೂರು ಇದ್ದದ್ದು ನಾಲ್ಕಾಯಿತು. ಕಾವ್ಯ ದೂರದಿಂದ ನೋಡುತ್ತಿದ್ದಳು.

ಐದನೆಯ ದಿವಸ ನೋಡುತ್ತೇನೆ, ಎರಡೇ ಗಂಟು! ನನ್ನ ಗಂಟೂ ಇಲ್ಲ, ಹಳೆಯದರಲ್ಲೂ ಒಂದು ಇಲ್ಲ.

ಸ್ಟೋರಿನವಳ ಹತ್ತಿರ ಇಂಥದ್ದು ನಡೆಯುತ್ತದಾ? ಮೊದಲ ದಿವಸದ ಪಟ್ಟಿ ನನ್ನ ಡೈರಿಯಲ್ಲಿತ್ತು. ಭಾನುವಾರ ಕೂತು ಪುನಃ ಎಣಿಸಿದೆ. ಮೂವತ್ತೊಂದು ವಸ್ತು ಸರಿ ಉಂಟು. ಗಂಟು ನನ್ನದೂ ಸೇರಿ ಎಂಬತ್ತೊಂಬತ್ತರ ಬದಲು ಎಪ್ಪತ್ತೊಂದು. ನೂಲು ತುಂಡಾಗಿಲ್ಲ, ಗಂಟು ಮಾತ್ರ ಮಾಯ. ವಿಲ್ಮಾಬಾಯಿಗೆ ಹೇಳಿದೆ. ಅವರು ಮನೆಗೆ ಹೋಗಿ ಒಂದು ಮೇಣದ ಬತ್ತಿ ಹಚ್ಚಿಟ್ಟರು. ನನಗೆ ಹೆದರಿಕೆಗಿಂತ ಕುತೂಹಲ ಹೆಚ್ಚು. ದೊಡ್ಡಮ್ಮ, ಗಂಟು ಬಿಚ್ಚುವ ಪದ್ಧತಿಯೂ ನಿಮ್ಮಲ್ಲಿ ಉಂಟಾ?

ಇತಿ ನಿಮ್ಮ,
ಗುಣವತಿ


ಉಚ್ಚಿಲ
9 ಅಕ್ಟೋಬರ್ 2024

ಗುಣವತಿಗೆ,

ಬಿಚ್ಚುವ ಪದ್ಧತಿ ಇಲ್ಲ. ಸತ್ತವರು ಬಂದು ಬಿಚ್ಚುವುದೂ ಇಲ್ಲ ಎಂದು ವಿಲ್ಮಾಬಾಯಿಗೆ ಹೇಳು. ಪ್ರಣೀತಾಳಿಗೆ ಬದುಕಿದ್ದಾಗಲೇ ಗಂಟು ಬಿಚ್ಚುವ ತಾಳ್ಮೆ ಇರಲಿಲ್ಲ, ಎಲ್ಲದಕ್ಕೂ ಕತ್ತರಿ.

ನೈಲಾನಿನ ಗಂಟು ಬಿಗಿದರೆ ಬರಿ ಬೆರಳಿಗೆ ಬಗ್ಗುವುದಿಲ್ಲ. ಸೂಜಿಯೋ ಪಿನ್ನೋ ಬೇಕು. ಪಿನ್ನು ಜಾರಿದರೆ ಎಡಗೈಯ ಹೆಬ್ಬೆರಳಿಗೆ ಚುಚ್ಚುತ್ತದೆ. ಐವತ್ತು ವರ್ಷ ಬಲೆಯಲ್ಲಿ ಕೂತವಳು ಹೇಳುವುದು. ನಿಮ್ಮ ಮನೆಯಲ್ಲಿ ಯಾರ ಹೆಬ್ಬೆರಳು ಹೇಗೆ ಉಂಟು ಎಂದು ನೋಡು.

ಇತಿ,
ಸರಸ


ಕಾಪು
18 ನವೆಂಬರ್ 2024

ದೊಡ್ಡಮ್ಮನಿಗೆ,

ಕಾವ್ಯಳ ಎಡಗೈಯ ಹೆಬ್ಬೆರಳಿನಲ್ಲಿ ಸಾಸಿವೆ ಸಿಡಿದ ಹಾಗೆ ಚುಕ್ಕೆಗಳು.

ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತಿರುತ್ತಾಳೆ. ಮೊನ್ನೆ ಬಸ್ಸು ಬೇಗ ಸಿಕ್ಕಿದ್ದರಿಂದ ನಾನು ಬೇಗ ಬಂದೆ, ನೋಡಿದೆ. ಮಡಿಲಲ್ಲಿ ಕೊಡೆ, ಕೈಯಲ್ಲಿ ಪಿನ್ನು. ತುಂಟತನದ ಮುಖ ಅಲ್ಲ ದೊಡ್ಡಮ್ಮ. ಹಲ್ಲು ಕಚ್ಚಿಕೊಂಡು, ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಬಿಚ್ಚುತ್ತಿದ್ದಳು. ನಾನು ಸದ್ದು ಮಾಡದೆ ಗೇಟಿನ ಹೊರಗೆ ಹೋಗಿ, ಕೆಮ್ಮಿ, ಪುನಃ ಬಂದೆ.

ಎಲ್ಲವನ್ನೂ ಕಾಪಾಡಲಿಕ್ಕೆ ಬಿಚ್ಚುತ್ತಿದ್ದಾಳೆ ಎಂಬಷ್ಟು ಅರ್ಥವಾಯಿತು. ಗಂಟು ಆರಕ್ಕೆ ಮುಟ್ಟದಿದ್ದರೆ ಯಾವುದನ್ನೂ ಎಸೆಯಬೇಕಾಗಿಲ್ಲ. ಗ್ಯಾಸಿನ ಪೈಪಿನ ನೂಲಿನಲ್ಲಂತೂ ಈಗ ಒಂದೂ ಗಂಟಿಲ್ಲ.

ಆದರೆ ಒಂದು ಅರ್ಥವಾಗುವುದಿಲ್ಲ. ಅವಳ ಶಾಲೆಯ ಚೀಲ ತೊಳೆಯುವಾಗ ಒಳಗಿನ ಜೇಬಿನಲ್ಲಿ ಒಂದು ಬಳೆ ಸಿಕ್ಕಿತು. ದೊಡ್ಡವರ ಅಳತೆಯದ್ದು. ಅದಕ್ಕೂ ನೀಲಿ ನೂಲು, ಅದರಲ್ಲಿ ಆರು ಗಂಟು ಪೂರ್ತಿ. ಇಡೀ ಮನೆಯ ಗಂಟು ಬಿಚ್ಚುವವಳು ಇದನ್ನು ಮಾತ್ರ ಮುಟ್ಟಿಲ್ಲ. ನಾನು ಇದ್ದ ಹಾಗೇ ಇಟ್ಟೆ. ಅದು ಯಾರದ್ದು, ಎಂತ ಎಂದು ನಿಮಗೆ ಗೊತ್ತಿರಬಹುದಾ?

ಇತಿ ನಿಮ್ಮ,
ಗುಣವತಿ


ಕಾಪು
10 ಫೆಬ್ರವರಿ 2025

ದೊಡ್ಡಮ್ಮನಿಗೆ,

ನವೆಂಬರಿನ ಕಾಗದಕ್ಕೆ ನಿಮ್ಮ ಉತ್ತರ ಬರಲಿಲ್ಲ. ಕ್ರಿಸ್ಮಸ್ ರಜೆಯಲ್ಲಿ ಕಾವ್ಯ ನಿಮ್ಮಲ್ಲಿ ನಾಲ್ಕು ದಿವಸ ಇದ್ದು ಬಂದಳು. ‘ಅಜ್ಜಿ ಹೇಗಿದ್ದಾರೆ?’ ಎಂದೆ. ‘ನನ್ನನ್ನು ನೋಡಿ ಆಗಾಗ ಕಣ್ಣು ಒರೆಸುತ್ತಾರೆ’ ಎಂದಳು. ಕೇಳಬಾರದ್ದನ್ನು ಕೇಳಿದ್ದರೆ ಮಾಫಿ ಮಾಡಿ. ಆದರೆ ನಿನ್ನೆ ನಡೆದದ್ದನ್ನು ಬರೆಯದೆ ಇರಲಿಕ್ಕೆ ಆಗುವುದಿಲ್ಲ.

ಭಾನುವಾರ. ಇವರು ಬೋಟಿನಲ್ಲಿ. ನಾನು ಮೀನಿಗೆ ಹೋಗಿದ್ದೆ. ಕಾವ್ಯ ಚಹಾಕ್ಕೆ ಒಲೆ ಹಚ್ಚಲು ಹೋದಾಗ ವಾಸನೆ ಬಂತಂತೆ. ಗೋಡೆಯಾಚೆ ಇದ್ದ ವಿಲ್ಮಾಬಾಯಿಗೂ ಬಂತು. ಅವರು ಓಡಿ ಬಂದು, ‘ಕಡ್ಡಿ ಗೀರಬೇಡ ಹುಡುಗಿ!’ ಎಂದು ಕೈಯಿಂದ ಬೆಂಕಿಪೆಟ್ಟಿಗೆ ಕಿತ್ತು, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ಎಲ್ಲ ತೆರೆದರು. ಒಲೆಯ ಹತ್ತಿರ ಪೈಪು ಬಿರಿದಿತ್ತು.

ತಪ್ಪು ನನ್ನದು. ಆ ಪೈಪಿನ ಮೇಲೆ ವರ್ಷ ಅಚ್ಚಾಗಿ ಉಂಟು: 2023ರವರೆಗೆ. ಆಗಸ್ಟಿನಲ್ಲೇ ನಾನು ಓದಿದ್ದೆ. ಹಾಸ್ಟೆಲಿನಲ್ಲಾದರೆ ಅದೇ ದಿವಸ ತೆಗೆದು ಹಾಕುತ್ತಿದ್ದೆ. ಇಲ್ಲಿ ನೂಲಿನಲ್ಲಿ ಗಂಟಿಲ್ಲ ಎಂದು ಸುಮ್ಮನಾದೆ. ಗಂಟು ಯಾಕೆ ಇಲ್ಲ ಎಂದು ಗೊತ್ತಿದ್ದೂ ಸುಮ್ಮನಾದೆ. ಮಗುವಿಗೆ ಒಳ್ಳೆಯವಳಾಗುವ ಆಸೆಯಲ್ಲಿ ಮಗುವನ್ನೇ ಸುಡುತ್ತಿದ್ದೆ.

ನಾನು ಬರುವಾಗ ಕಾವ್ಯ ಪೈಪನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗಳದಲ್ಲಿ ಕೂತಿದ್ದಳು. ‘ನಾನು ಬಿಚ್ಚಿದ್ದು’ ಎಂದಳು. ‘ಗೊತ್ತು’ ಎಂದೆ. ‘ಬಿಚ್ಚಿದರೂ ಹಾಳಾಯಿತಲ್ಲ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: ‘ಹಾಗಾದರೆ ಅಮ್ಮನದ್ದು ಕಟ್ಟದಿದ್ದರೂ ಆಗುತ್ತಿತ್ತಾ?’

ಒಂಬತ್ತು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ನನಗೆ ಪ್ರಶ್ನೆಯೇ ಗೊತ್ತಾಗಲಿಲ್ಲ.

ಗುಣವತಿ


ಉಚ್ಚಿಲ
17 ಫೆಬ್ರವರಿ 2025

ಗುಣವತಿ, ಮಗಳೇ,

ಇದನ್ನು ನವೆಂಬರಿನಿಂದ ಐದು ಸಲ ಬರೆದು ಹರಿದೆ.

ಆ ಬಳೆ ಪ್ರಣೀತಾಳದ್ದು. ಕಾಯಿಲೆಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಹತ್ತು ದಿವಸ ಇಡುವುದು, ಕರೆತರುವುದು, ಹೀಗೆ ಒಂದು ವರ್ಷ ನಡೆಯಿತು. ಕಾವ್ಯಳಿಗೆ ಆಗ ಹತ್ತು ವರ್ಷ. ಅಮ್ಮ ಆಸ್ಪತ್ರೆಯಿಂದ ಬಂದರೆ ರಿಪೇರಿಯಾಗಿ ಬಂದ ಹಾಗೆ ಅಲ್ಲವಾ ಅವಳಿಗೆ? ಬಳೆಗೆ ಒಂದು ನೂಲು ಕಟ್ಟಿ, ಬಂದ ಪ್ರತಿ ಸಲ ಒಂದು ಗಂಟು ಹಾಕುತ್ತಿದ್ದಳು. ಪ್ರಣೀತಾ ನಗುತ್ತಾ ಕೈ ಚಾಚುತ್ತಿದ್ದಳು. ಆರನೆಯ ಸಲ ಬಂದು ಹದಿನಾರನೆಯ ದಿವಸ ಹೋದಳು.

ಬಳೆ ತೆಗೆದು ನನ್ನ ಕೈಗೆ ಕೊಟ್ಟರು. ನಾನು ನೂಲು ನೋಡಿದೆ. ನನ್ನ ಹಾಳು ಬಾಯಿ ಹೇಳಿತು, ‘ಆರು ಆಗಿತ್ತಲ್ಲ, ಇನ್ನೆಲ್ಲಿ ಉಳಿಯುವುದು.’ ಕಾವ್ಯ ಪಕ್ಕದಲ್ಲೇ ನಿಂತಿದ್ದಳು. ‘ಅಜ್ಜಿ, ನಾನು ಕಟ್ಟದಿದ್ದರೆ?’ ಎಂದು ಕೇಳಿದಳು. ಮನೆ ತುಂಬಾ ಜನ. ಯಾರೋ ನನ್ನನ್ನು ಒಳಗೆ ಕರೆದುಕೊಂಡು ಹೋದರು. ನಾನು ಉತ್ತರ ಕೊಡಲಿಲ್ಲ.

ಮೂರು ವರ್ಷದಿಂದ ಕೊಟ್ಟಿಲ್ಲ. ಅವಳು ಇಲ್ಲಿಗೆ ಬಂದು ಇದ್ದರೆ ಯಾವತ್ತಾದರೂ ಹೇಳುವ ಎಂದು ನಾನು ಕಾಯುತ್ತಿದ್ದೆ. ಕ್ರಿಸ್ಮಸಿಗೆ ನಾಲ್ಕು ದಿವಸ ಇದ್ದಳು, ಹೇಳಿದೆನಾ? ಕಣ್ಣು ಒರೆಸಿದೆ, ಅಷ್ಟೆ. ಕಿವಿ ಕೇಳದವಳು ಎಂದು ಎಲ್ಲರೂ ಸುಮ್ಮನಿರುತ್ತಾರೆ, ನಾನು ಅದರ ಹಿಂದೆ ಅಡಗಿ ಕೂತೆ.

ಆರು ಎನ್ನುವುದು ಎಲ್ಲಿಂದ ಬಂತು ಎಂದು ನಿನಗೆ ಹೇಳುತ್ತೇನೆ. ಮಾವ ಜಿಪುಣ ಎಂದು ಬರೆದಿದ್ದೆನಲ್ಲ. ನೂಲು ದಂಡವಾಗಬಾರದು ಎಂದು ನಡುಬೆರಳಿನ ಅಳತೆಗೆ ಕತ್ತರಿಸುತ್ತಿದ್ದರು. ಬೆರಳುದ್ದದ ನೂಲಿನಲ್ಲಿ ಆರು ಗಂಟು ಹಿಡಿಸುತ್ತದೆ, ಏಳನೆಯದ್ದಕ್ಕೆ ಜಾಗ ಇಲ್ಲ. ಅಷ್ಟೇ ಮಾರಾಯ್ತಿ! ಬೇರೆ ಎಂತದ್ದೂ ಇಲ್ಲ. ಆರಾದರೆ ನೀರಿಗೆ ಇಲ್ಲ ಎನ್ನುವುದು ಬಾಯಿಮಾತು, ಬಲೆ ಸಾಕೋ ಬೇಡವೋ ಎಂದು ನಿಜವಾಗಿ ನೋಡುವಾಗ ಅವರು ನೂಲನ್ನು ಮುಟ್ಟುತ್ತಲೂ ಇರಲಿಲ್ಲ. ಬಲೆಯನ್ನು ಎರಡು ಕೈಯಲ್ಲಿ ಎಳೆದು, ಬಿಸಿಲಿಗೆ ಹಿಡಿದು, ಒಂದು ಗಳಿಗೆ ನೋಡುತ್ತಿದ್ದರು. ನನ್ನ ಹತ್ತಿರ ಅವರ ಒಂದು ಬೀಸುಬಲೆ ಈಗಲೂ ಉಂಟು. ಅದಕ್ಕೆ ಅತ್ತೆ ಕದ್ದು ಉದ್ದ ನೂಲು ಕಟ್ಟಿದ್ದರು. ಹದಿಮೂರು ಗಂಟು. ಮೊನ್ನೆಯೂ ಮೊಮ್ಮಕ್ಕಳು ಅದರಲ್ಲಿ ಮೀನು ಹಿಡಿದಿದ್ದಾರೆ.

ಇದನ್ನು ಕಾವ್ಯಳಿಗೆ ಕಾಗದದಲ್ಲಿ ಓದಿಸಬೇಡ. ಶನಿವಾರ ಬಲೆ ಹಿಡಿದುಕೊಂಡು ನಾನೇ ಬರುತ್ತೇನೆ. ಬಸ್ಸಿನವನು ಬಲೆಗೂ ಟಿಕೆಟ್ ಕೇಳಿದರೆ ಕೊಡುತ್ತೇನೆ.

ಇತಿ,
ದೊಡ್ಡಮ್ಮ


ಕಾಪು
6 ಏಪ್ರಿಲ್ 2025

ಅಜ್ಜಿಗೆ,

ಪರೀಕ್ಷೆ ಮುಗಿಯಿತು. ವಿಜ್ಞಾನ ಸುಲಭ ಇತ್ತು, ಹಿಂದಿ ಕೇಳಬೇಡಿ.

ನೀವು ಬಂದು, ಬಲೆ ತೋರಿಸಿ, ಎಲ್ಲ ಹೇಳಿ ಹೋದ ಮೇಲೆ ನಾನು ಪ್ರಯೋಗ ಮಾಡಿದೆ. ನಿಮ್ಮ ಮಾವನ ಆರರ ಲೆಕ್ಕ ಸರಿಯಾ ಎಂದು ನೋಡಬೇಕಲ್ಲ. ನನ್ನ ನಡುಬೆರಳಿನ ಅಳತೆಯ ನೂಲಿಗೆ ಐದೇ ಗಂಟು ಹಿಡಿಯಿತು. ಅಪ್ಪನ ಬೆರಳಿನದ್ದಕ್ಕೆ ಏಳು. ವಿಲ್ಮಾಬಾಯಿಯ ಬೆರಳು ಗಿಡ್ಡ, ನಾಲ್ಕೂವರೆ. ಸ್ಕೇಲಿನಲ್ಲಿ ಅಳೆದು ಲೆಕ್ಕ ಹಾಕಿದೆ. ಒಂದು ಮಾರು ನೂಲಿಗೆ ಸುಮಾರು ನೂರ ಇಪ್ಪತ್ತು ಗಂಟು ಹಿಡಿಯುತ್ತದೆ.

ನಾನು ಮತ್ತು ಚಿಕ್ಕಮ್ಮ ಭಾನುವಾರ ಎಲ್ಲ ಸಾಮಾನುಗಳನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು ನೋಡಿದೆವು. ಚಿಕ್ಕಮ್ಮ ‘ಇದು?’ ಎಂದು ಕೇಳುವುದು, ನಾನು ಹೇಳುವುದು. ಹನ್ನೊಂದು ಹೊರಗೆ ಹೋಯಿತು. ದಿಂಬಿನ ವಿಷಯದಲ್ಲಿ ಜಗಳ ಆಯಿತು, ಆಮೇಲೆ ನಾನೇ ಮೂಸಿ ನೋಡಿ ಬಿಟ್ಟುಕೊಟ್ಟೆ. ಅಮ್ಮನ ಸೌಟು ಉಳಿಯಿತು. ವಲೇರಿಯನ್ ಅಂಕಲ್ ಹೊಸ ಹಿಡಿ ಹಾಕಿದರು. ಹೊಸ ಗ್ಯಾಸ್ ಪೈಪಿಗೆ ನೂಲು ಕಟ್ಟಲಿಲ್ಲ, ಅದಕ್ಕೆ ಅಚ್ಚಾದ ವರ್ಷವೇ ಸಾಕು.

ರಜೆಯಲ್ಲಿ ಹದಿನೈದು ದಿವಸ ಬರುತ್ತೇನೆ. ಹೆಚ್ಚು ಆಗುವುದಿಲ್ಲ. ಒಂಬತ್ತನೆಯ ಕ್ಲಾಸಿನ ಯೂನಿಫಾರ್ಮ್ ಇಲ್ಲೇ ಹೊಲಿಯಲಿಕ್ಕೆ ಕೊಟ್ಟಾಗಿದೆ, ಅಳತೆ ನೋಡಲಿಕ್ಕೆ ಇರಬೇಕಂತೆ.

ನೀಲಿ ನೂಲಿನ ಒಂದು ಇಡೀ ಉಂಡೆ ನನಗೆ ತೆಗೆದಿಡಿ. ಎಂತಕ್ಕೆ ಎಂದು ಕೇಳಬಾರದು.

ನಿಮ್ಮ,
ಕಾವ್ಯ


ಕಾಪು
29 ಜೂನ್ 2025

ದೊಡ್ಡಮ್ಮನಿಗೆ ನಮಸ್ಕಾರ.

ನೀವು ಕಳಿಸಿದ ಒಣಮೀನು ಮುಟ್ಟಿತು. ಅಕ್ಷರ ಓರೆಯಾಗಿದ್ದರೆ ಅದಕ್ಕೆ ಕಾರಣ ಉಂಟು, ಕೊನೆಗೆ ಹೇಳುತ್ತೇನೆ.

ಈ ತಿಂಗಳ ಮಧ್ಯದಲ್ಲಿ ನನಗೆ ಜ್ವರ ಬಂತು. ಮೂರನೆಯ ದಿವಸವೂ ಇಳಿಯದ್ದಕ್ಕೆ ಆಸ್ಪತ್ರೆಗೆ ಸೇರಿಸಿದರು. ಡೆಂಗಿ ಅಂತೆ. ಐದು ದಿವಸ ಇದ್ದೆ. ಮಳೆಗಾಲದಲ್ಲಿ ಬೋಟುಗಳಿಗೆ ರಜೆಯಾದ್ದರಿಂದ ಇವರು ಜೊತೆಗೇ ಇದ್ದರು. ಕಾವ್ಯ ವಿಲ್ಮಾಬಾಯಿ ಮನೆಯಲ್ಲಿ. ಒಂದು ದಿವಸವೂ ನೋಡಲಿಕ್ಕೆ ಬರಲಿಲ್ಲ. ‘ಬರುವುದಿಲ್ಲ ಎನ್ನುತ್ತಾಳೆ, ಒತ್ತಾಯ ಮಾಡಬೇಡ’ ಎಂದು ಇವರು ಹೇಳಿದರು. ನಾನು ಮಾಡಲಿಲ್ಲ. ಆದರೆ ಮಲಗಿದಲ್ಲಿ ಅದೇ ಯೋಚನೆ.

ಆಟೋದಿಂದ ಇಳಿಯುವಾಗ ಜೋರು ಮಳೆ. ಅವಳು ಬಾಗಿಲಲ್ಲಿ ನಿಂತಿದ್ದಳು. ನಾನು ಮೆಟ್ಟಿಲು ಹತ್ತಿ ಕೂತದ್ದೇ ತಡ, ‘ಕೈ ಕೊಡಿ’ ಎಂದಳು. ಕೊಟ್ಟೆ. ಅವಳ ಕೈಯಲ್ಲಿ ನಿಮ್ಮ ನೀಲಿ ಉಂಡೆ. ಒಂದು ತುದಿಯನ್ನು ನನ್ನ ಬಳೆಗೆ ಕಟ್ಟಿ, ಉಂಡೆಯನ್ನು ಬಿಚ್ಚುತ್ತಾ ಬಾಗಿಲಿನಿಂದ ಅಡುಗೆಮನೆಯವರೆಗೆ ನಡೆದಳು. ಅಲ್ಲಿ ಕತ್ತರಿಸಿದಳು. ಹಿಂದೆ ಬಂದು, ಬಳೆಯ ಹತ್ತಿರ ಒಂದೇ ಒಂದು ಗಂಟು ಹಾಕಿದಳು. ಗಂಟು ಬಿಗಿದ ಮೇಲೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಾ ನಿಂತಳು, ಎಂತದ್ದಾದರೂ ಆಗುತ್ತದಾ ಎಂದು ಪರೀಕ್ಷೆ ಮಾಡುವವರ ಹಾಗೆ.

‘ಹಸಿವಾಗುತ್ತದೆ’ ಎಂದೆ.

‘ಗಂಜಿ ಮಾಡಿದ್ದೇನೆ’ ಎಂದಳು.

ಇದು ಆಗಿ ಒಂದು ವಾರ. ನೂಲನ್ನು ಮೊಣಕೈವರೆಗೆ ಸುತ್ತಿ ಸುತ್ತಿ ಕಟ್ಟಿಕೊಂಡು ಹಾಸ್ಟೆಲಿಗೆ ಹೋಗುತ್ತೇನೆ. ಕೆಲಸ ಮಾಡುವಾಗ ಬಿಚ್ಚಿಹೋಗುತ್ತದೆ. ದೋಸೆ ಹಿಟ್ಟಿಗೆ ಬೀಳುತ್ತದೆ, ಬಸ್ಸಿನ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ಈಗ ಬರೆಯುವಾಗ ಪೆನ್ನಿಗೂ ಸುತ್ತಿಕೊಂಡು ಉಂಟು. ನಿನ್ನೆ ತಡೆಯದೆ ಕೇಳಿದೆ, ‘ಕಾವ್ಯ, ಇದು ಉದ್ದ ಹೆಚ್ಚಾಯಿತಲ್ಲ, ಒಂದು ಮೊಳ ಕತ್ತರಿಸಲಾ?’

ಹಿಂದಿ ಪುಸ್ತಕದಿಂದ ತಲೆ ಎತ್ತದೆ ಅವಳು ಹೇಳಿದಳು: ‘ಕತ್ತರಿ ಮುಟ್ಟಿದರೆ ಜಾಗ್ರತೆ.’

ಹಾಗಾಗಿ ಮುಟ್ಟಲಿಲ್ಲ. ಒಂದು ಗಂಟು ಬಿದ್ದಿದೆ. ಉಳಿದದ್ದು ನೆಲದ ಮೇಲೆ ನನ್ನ ಹಿಂದೆಯೇ ಎಳೆದುಕೊಂಡು ಬರುತ್ತಾ ಉಂಟು. ಬೆಕ್ಕಿಗೆ ಒಳ್ಳೆಯ ಆಟ.

ಇತಿ ನಿಮ್ಮ ಮಗಳು,
ಗುಣವತಿ